ನರಿಯ ಕಾಲಿನ ಅಳತೆ

ನರಿ ಹಿಡಿಯಲು ನರಿಗಿಂತ ಹೆಚ್ಚಿನ ಬುದ್ಧಿ ಬೇಕು ಎಂದು ಹೇಳುವವರು ಯಾರೂ ನರಿ ಹಿಡಿದವರಲ್ಲ. ಬೇಕಾದದ್ದು ಬುದ್ಧಿಯಲ್ಲ, ಮೂಗು. ಅದೂ ಸ್ವಲ್ಪ ಕೆಟ್ಟ ಮೂಗು. ಮೂರು ದಿನ ಬಿಸಿಲಲ್ಲಿಟ್ಟ ತಾರ್ಲೆ ಮೀನನ್ನು ಕೈಯಲ್ಲಿ ಹಿಸುಕಿ, ಅದೇ ಕೈ ತೊಳೆದುಕೊಂಡು ಮಧ್ಯಾಹ್ನ ಊಟಕ್ಕೆ ಕೂರಲು ಬರಬೇಕು. ನನಗೆ ಬರುತ್ತಿತ್ತು. ನಾನು ಊಟಕ್ಕೆ ಮನೆಗೆ ಬರುವುದು ನನ್ನ ಹೆಂಡತಿಗೆ ಮಾತ್ರ ಅಷ್ಟು ಇಷ್ಟವಿರಲಿಲ್ಲ.

ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕುಗಳ ಕಾಡು ಕಾಯುತ್ತ ಗಾರ್ಡಾಗಿ ಸೇರಿ, ಫಾರೆಸ್ಟರಾಗಿ ನಿವೃತ್ತನಾದೆ. ನಡುವಿನ ಬಡ್ತಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಹೆಗಲ ಮೇಲಿನ ಪಟ್ಟಿ ಬದಲಾಯಿತು, ಕಾಲಡಿಯ ಮುಳ್ಳು ಬದಲಾಗಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ಮನೆಗೆ ಬರುತ್ತಾರೆ. ಒಳ್ಳೆಯ ಮಕ್ಕಳು. ಮಹಜರು ಬರೆಯಲು ಬರುತ್ತದೆ, ಫೋನಿನಲ್ಲಿ ನಕ್ಷೆ ತೆಗೆಯಲು ಬರುತ್ತದೆ, ಸಾಹೇಬರ ಜೀಪಿನ ಸದ್ದನ್ನು ಅರ್ಧ ಮೈಲಿಯಿಂದ ಗುರುತಿಸಲೂ ಬರುತ್ತದೆ. ಆದರೆ ಯಾವ ಪ್ರಾಣಿಗೆ ಯಾವ ಬೋನು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ವಯಸ್ಸಿನಲ್ಲಿ ನಾನೂ ಹಾಗೆಯೇ ನೋಡುತ್ತಿದ್ದೆ. ಆ ಪಾಠ ನನಗೆ ಹೇಗೆ ಸಿಕ್ಕಿತು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಬರೆದಿಡುತ್ತೇನೆ. ಯಾವ ಕಚೇರಿ, ಯಾವ ಸಾಹೇಬರು ಎಂದು ಕೇಳಬೇಡಿ. ಕೆಲವರು ಇನ್ನೂ ಸೇವೆಯಲ್ಲಿದ್ದಾರೆ. ನನ್ನ ಪಿಂಚಣಿಯೂ ಸೇವೆಯಲ್ಲಿದೆ.

ಸೇರಿದ ಎರಡನೇ ವರ್ಷ ನನ್ನ ಬೀಟು ಕಾಗಾಲದ ಕಡೆಗೆ. ಗುಡ್ಡದ ಬುಡದ ಗೆಣಸಿನ ಹಿತ್ತಿಲುಗಳಲ್ಲಿ ಯಾರೋ ಹಲ್ಲಿನ ಕತ್ತರಿ ಇಡುತ್ತಾರೆಂದು ಸುದ್ದಿ ಬಂತು. ಕತ್ತರಿ ಎಂದರೆ ಕಬ್ಬಿಣದ ಎರಡು ದವಡೆ, ನಡುವೆ ಒಂದು ತಟ್ಟೆ. ತಟ್ಟೆಯ ಮೇಲೆ ಕಾಲಿಟ್ಟರೆ ದವಡೆ ಮುಚ್ಚಿ ಹಲ್ಲು ಕಚ್ಚುತ್ತದೆ. ಅದನ್ನು ಇಡುವುದು ಅಪರಾಧ. ‘ಸತತ ಶೋಧ ನಡೆಸಿ ಪತ್ತೆ ಹಚ್ಚಿದೆ’ ಎಂದು ನಾನು ವರದಿ ಬರೆದೆ. ನಿಜವೆಂದರೆ ನಾನು ಅದನ್ನು ಪತ್ತೆ ಹಚ್ಚಲಿಲ್ಲ, ಅದೇ ನನ್ನನ್ನು ಪತ್ತೆ ಹಚ್ಚಿತು. ಸರ್ಕಾರ ಕೊಟ್ಟ ಬೂಟು ನನ್ನ ಕಾಲಿಗಿಂತ ಎರಡು ನಂಬರು ದೊಡ್ಡದಿತ್ತು. ಕತ್ತರಿ ಕಚ್ಚಿದ್ದು ಬೂಟಿನ ಖಾಲಿ ತುದಿಯನ್ನು. ನನ್ನ ಬೆರಳುಗಳು ಪುಣ್ಯಕ್ಕೆ ಬಹಳ ಹಿಂದೆ ಇದ್ದವು.

ನನ್ನ ಕೂಗು ಕೇಳಿ ಓಡಿ ಬಂದವರು ಬೊಮ್ಮಯ್ಯ ಗೌಡರು. ಹಾಲಕ್ಕಿ ಒಕ್ಕಲಿಗರ ಕೇರಿಯವರು, ಆಗ ನಡುವಯಸ್ಸು. “ಅಲ್ಲಾಡ್ಬೇಡಿ ಒಡೆಯಾ” ಎನ್ನುತ್ತ ಎರಡೂ ಬದಿಯ ಸ್ಪ್ರಿಂಗನ್ನು ಎರಡು ಹಿಮ್ಮಡಿಯಲ್ಲಿ ಒತ್ತಿ ನಿಂತರು. ದವಡೆ ಬಾಯಿ ಬಿಟ್ಟಿತು. ಜಗಲಿಗೆ ಕರೆದೊಯ್ದು ಕೂರಿಸಿ, ಬೆಲ್ಲ ನೀರು ಕೊಟ್ಟು, ಆಮೇಲೆ ಚಾ ಕೊಟ್ಟರು. ನಾನು ಚಾ ಮುಗಿಸಿ ಕೇಳಿದೆ, “ಈ ಕತ್ತರಿ ಯಾರದ್ದು?”

“ನಂದೇ. ಮುಳ್ಳಂದಿಗೆ ಇಟ್ಟಿದ್ದೆ. ನೀವು ಬಿದ್ರಿ.”

ಅವರ ಜಗಲಿಯಲ್ಲೇ ಕೂತು ಮಹಜರು ಬರೆದೆ. ನನ್ನ ಪೆನ್ನು ಮಸಿ ಕಾರಿದಾಗ ಅವರೇ ಮಗನ ಪೆನ್ನು ತಂದುಕೊಟ್ಟರು. ಮುಂದೆ ಎಷ್ಟೋ ವರ್ಷ ಅವರು ಕುಮಟಾದ ಕೋರ್ಟಿಗೆ ಬಂದರು, ನಾನೂ ಸಾಕ್ಷಿ ಹೇಳಲು ಹೋದೆ. ವಕೀಲರು ಬರದ ದಿನ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಫ್ಯಾನು ನೋಡಿದೆವು. ಕೊನೆಗೆ ಕೇಸು ಬಿದ್ದುಹೋಯಿತು. ಕಾರಣ, ಮಹಜರಿನಲ್ಲಿ ನಾನು ಬರೆದ ಸರ್ವೆ ನಂಬರು ಒಂದು ಕೆರೆಯದಾಗಿತ್ತು. ಮುಳ್ಳುಹಂದಿ ಹಿಡಿಯಲು ಕೆರೆಯೊಳಗೆ ಕತ್ತರಿ ಇಟ್ಟ ಆರೋಪವನ್ನು ಯಾವ ನ್ಯಾಯಾಧೀಶರು ಒಪ್ಪುತ್ತಾರೆ?

ಆಮೇಲೆ ಭಟ್ಕಳ. ಒಂದು ಬೇಸಿಗೆ ಅಲ್ಲಿನ ನವಾಯತ ಮುಸ್ಲಿಮರ ಹಳೆಯ ಮನೆಯೊಂದರಿಂದ ಕರೆ ಬಂತು. ಮಾಳಿಗೆಯಲ್ಲಿ ಯಾವುದೋ ಪ್ರಾಣಿ ಸೇರಿಕೊಂಡಿದೆ ಎಂದು. “ಬೋನು ತಗೊಂಡು ಹೋಗು” ಎಂದರು ಆಗಿನ ಸಾಹೇಬರು. ಕಚೇರಿಯಲ್ಲಿದ್ದದ್ದು ಒಂದೇ ಬೋನು, ಚಿರತೆಯದ್ದು. ನಾನು ತಲೆ ಓಡಿಸಲಿಲ್ಲ. ಎಂಟು ಜನ ಹೊತ್ತುಕೊಂಡು ಆ ಸಪೂರ ಓಣಿಯಲ್ಲಿ ಹೋದರೆ, ಬೋನು ಎರಡು ಮನೆಗಳ ನಡುವೆ ಸಿಕ್ಕಿಕೊಂಡಿತು. ಹಿಂದೆಯೂ ಬರಲಿಲ್ಲ, ಮುಂದೆಯೂ ಹೋಗಲಿಲ್ಲ. ಶುಕ್ರವಾರ ಬೇರೆ. ಮಸೀದಿಗೆ ಹೊರಟವರೆಲ್ಲ ಬೋನಿನ ಈ ಬಾಗಿಲಿನಿಂದ ಹೊಕ್ಕು ಆ ಬಾಗಿಲಿನಿಂದ ಹೊರಟರು.

ಮನೆಯ ಹಿರಿಯರು ಜುಬೇದಾ ಆಪಾ ಬಾಗಿಲಲ್ಲಿ ನಿಂತು ನೋಡಿದರು. “ಅರೆ ಭಾಯಿ, ಇದು ಯಾರಿಗೆ? ಮೇಲೆ ಇರೂದಕ್ಕೋ, ನಮ್ಮ ಅಳಿಯನಿಗೋ?”

ಕೋಳಿ ಸಾಗಿಸುವ ತಂತಿ ಪೆಟ್ಟಿಗೆಯೊಂದಕ್ಕೆ ಜಾರುಬಾಗಿಲು ಕಟ್ಟಿಸಿ ಮಾಳಿಗೆಯಲ್ಲಿಟ್ಟೆ. ಒಳಗೆ ಹುರಿದ ಬಂಗಡೆ. ಮೊದಲ ದಿನ ಪಕ್ಕದ ಮನೆಯ ಬೆಕ್ಕು ಬಿತ್ತು. ಎರಡನೇ ದಿನ ಅದೇ ಬೆಕ್ಕು. ಮೂರನೇ ದಿನ ಅದು ತನ್ನ ಸಂಗಾತಿಯನ್ನೂ ಕರೆತಂದಿತ್ತು. ಆಗ ಆಪಾ ಹೇಳಿದರು, “ನಮ್ಮಲ್ಲಿ ದಿನಾ ಬಾಳೆಹಣ್ಣು ಹೋಗ್ತದೆ, ಮೀನು ಹೋಗೂದಿಲ್ಲ. ನೀವು ಕೇಳ್ಲೇ ಇಲ್ಲ, ನಾನು ಹೇಳ್ಲೇ ಇಲ್ಲ.” ಬಾಳೆಹಣ್ಣು ಇಟ್ಟೆ. ಬೆಳಿಗ್ಗೆ ಒಳಗೊಂದು ಕಬ್ಬೆಕ್ಕು, ಪುನುಗು ಬೆಕ್ಕಿನ ಜಾತಿಯದು, ಹಣ್ಣು ತಿಂದು ಮುಗಿಸಿ, ನಾನೇ ತಡವಾಗಿ ಬಂದವನೆಂಬಂತೆ ನೋಡುತ್ತ ಕೂತಿತ್ತು. ಅದನ್ನು ಘಟ್ಟದ ಬುಡದಲ್ಲಿ ಬಿಟ್ಟೆವು. ಚಿರತೆ ಬೋನನ್ನು ಓಣಿಯಿಂದ ಬಿಡಿಸಲು ವೆಲ್ಡಿಂಗಿನವನು ಬರಬೇಕಾಯಿತು. ಬೋನು ಆರಿಸುವ ಮೊದಲು ಮನೆಯವರನ್ನು ಕೇಳಬೇಕು ಎಂಬುದು ಅಲ್ಲಿ ಕಲಿತದ್ದು. ಪುಸ್ತಕದಲ್ಲಿ ಇರುವುದಿಲ್ಲ, ಬರೆದುಕೊಳ್ಳಿ.

ಇನ್ನು ನರಿಯ ವಿಚಾರ. ನಿವೃತ್ತಿಗೆ ಆರು ವರ್ಷ ಇದ್ದಾಗ ಹೊನ್ನಾವರದ ಹೊಳೆಯ ಈಚೆ ದಡದಲ್ಲಿದ್ದೆ. ಕಾಸರಕೋಡದ ಮೀನು ಒಣಗಿಸುವ ಜಾಗದಿಂದ ದೂರು ಬರುತ್ತಿತ್ತು, ಅಕ್ಕಪಕ್ಕದ ಊರುಗಳಿಂದಲೂ ಬರುತ್ತಿತ್ತು. ನರಿ ಹೆಚ್ಚಾಗಿವೆ, ಒಣಮೀನು ಒಯ್ಯುತ್ತವೆ, ಕೋಳಿ ಒಯ್ಯುತ್ತವೆ, ಎಲ್ಲವನ್ನೂ ಹಿಡಿದು ಬೇರೆಲ್ಲಾದರೂ ಬಿಡಿ. ಎಲ್ಲಿ ಬಿಡುವುದು? ಅಲ್ಲಿಯೂ ಕೋಳಿ ಸಾಕುವವರಿರುತ್ತಾರೆ. ಅಷ್ಟರಲ್ಲಿ ಮೈಸೂರು ಕಡೆಯಿಂದ ಸಂಶೋಧನೆಗೆಂದು ವಸುಧಾ ಮೇಡಂ ಬಂದರು. ಕೆಲವು ನರಿಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಅವು ಎಲ್ಲಿ ಮಲಗುತ್ತವೆ, ಎಷ್ಟು ದೂರ ಓಡಾಡುತ್ತವೆ ಎಂದು ತಿಳಿಯುವ ಕೆಲಸ. ಅದಕ್ಕೆ ಅನುಮತಿ ಪತ್ರವೂ ಇತ್ತು. ಜೊತೆಗೆ ಕೊಡಲು ಇಲಾಖೆಯವರು ನನ್ನನ್ನು ಆರಿಸಿದರು. ಭಟ್ಕಳದ ಓಣಿಯ ಕತೆ ಕೇಳಿ, ಬೋನಿನ ಅನುಭವಿ ಎಂದುಕೊಂಡರೋ ಏನೋ.

ಮೊದಲು ಪೆಟ್ಟಿಗೆ ಬೋನು ಇಟ್ಟೆವು. ನರಿ ಅದರೊಳಗೆ ತಲೆ ಹಾಕುವುದಿಲ್ಲ. ಒಂದು ತಿಂಗಳು ಊರ ನಾಯಿಗಳು ಸರದಿಯ ಮೇಲೆ ಬಂದು, ಉಂಡು, ಅಲ್ಲೇ ಮಲಗಿ, ಬೆಳಿಗ್ಗೆ ಬಾಗಿಲು ತೆಗೆದರೆ ಬೇಸರದಿಂದ ಹೊರಗೆ ಬಂದವು. ಆಗ ಮೇಡಂ ತಮ್ಮ ಚೀಲದಿಂದ ಕಾಲು ಹಿಡಿಯುವ ಬೋನು ತೆಗೆದರು. ನಾವು ಕಾಲುಬೋನು ಎಂದೆವು. ಬೊಮ್ಮಯ್ಯ ಗೌಡರ ಕತ್ತರಿಯದೇ ಜಾತಿ, ಆದರೆ ಹಲ್ಲಿಲ್ಲ. ಹಲ್ಲಿನ ಜಾಗದಲ್ಲಿ ದಪ್ಪ ರಬ್ಬರು. ಪೂರ್ತಿ ಮುಚ್ಚಿದರೂ ದವಡೆಗಳ ನಡುವೆ ಅರ್ಧ ಕಿರುಬೆರಳಿನಷ್ಟು ಸಂದು. ಸರಪಳಿಯಲ್ಲಿ ಎರಡು ಕಡೆ ತಿರುಗಣಿ. ಪ್ರಾಣಿ ತಿರುಗಿದರೆ ಸರಪಳಿಯೂ ತಿರುಗುತ್ತದೆ, ಕಾಲು ತಿರುಚುವುದಿಲ್ಲ. ಅಂಥವು ಎರಡು ಅಳತೆಯಲ್ಲಿ ಒಟ್ಟು ನಾಲ್ಕು ಇದ್ದವು.

ಕಾಸರಕೋಡದಲ್ಲಿ ಸಭೆ ಕರೆದು ತೋರಿಸಿದೆವು. ಮೀನು ಒಣಗಿಸುವ ಹೆಂಗಸರು ಸಿಟ್ಟಾಗಿದ್ದರು. ಮುಂದೆ ಬಂದವರು ಮಾದೇವಿ ಅಕ್ಕ. ಆ ದಂಡೆಯಲ್ಲಿ ಅವರ ಮಾತು ಮೀರುವವರಿರಲಿಲ್ಲ. “ನರಿ ಹಿಡಿತ್ರಿ, ಸರಿ. ನಮ್ಮ ಕಾಲು ಬಿದ್ರೆ ಎಂತ ಮಾಡೂದು?”

ಮೇಡಂ ತಮ್ಮ ಕೈಯನ್ನು ತಟ್ಟೆಯ ಮೇಲೆ ಒತ್ತಿದರು. ಟಪ್ಪೆಂದು ಮುಚ್ಚಿತು. ಕೈ ಎತ್ತಿ ಎಲ್ಲರಿಗೂ ತೋರಿಸಿದರು, ಬೋನು ಜೋತಾಡುತ್ತಿತ್ತು, ಅವರು ನಗುತ್ತಿದ್ದರು. ಜನ ನಮ್ಮ ಸಾಹೇಬರನ್ನು ನೋಡಿದರು. ಸಾಹೇಬರು “ನನಗೆ ಬಿಪಿ ಇದೆ” ಎಂದರು. ಆಗ ಮಾದೇವಿ ಅಕ್ಕ ಸೀರೆ ಎತ್ತಿ ಕಟ್ಟಿ ತಮ್ಮ ಕಾಲನ್ನೇ ಇಟ್ಟರು. ಬೋನು ಹಿಡಿಯಿತು. ಎರಡು ಹೆಜ್ಜೆ ಎಳೆದುಕೊಂಡು ನಡೆದು, “ಇಸ್ಸೀ, ಇದ್ರಕಿಂತ ನಮ್ಮ ಏಡಿ ಜೋರು ಕಚ್ತದೆ” ಎಂದರು. ಸಭೆ ಅಲ್ಲಿಗೆ ಮುಗಿಯಿತು.

ಇಷ್ಟಕ್ಕೇ ನಿಂತಿದ್ದರೆ ಈ ಕತೆಯಲ್ಲಿ ನಗು ಮಾತ್ರ ಇರುತ್ತಿತ್ತು. ಮೇಡಂ ರೇಡಿಯೋ ಪಟ್ಟಿ ತರಲು ಎರಡು ವಾರ ಊರಿಗೆ ಹೋದರು. ಬೋನುಗಳನ್ನು ಬೀಗ ಹಾಕಿಟ್ಟು ಹೋದರು. ಅವರು ಬರುವುದರೊಳಗೆ ನರಿ ಹಿಡಿದು ತೋರಿಸಬೇಕೆಂದು ಸಾಹೇಬರಿಗೆ ಆಸೆ ಹುಟ್ಟಿತು. ಸಭೆಯ ದಿನ ತೆಗೆದ ಫೋಟೋ ಕೊಟ್ಟು, ವೆಲ್ಡಿಂಗ್ ಅಂಗಡಿಯೊಂದರಲ್ಲಿ ಹತ್ತು ಕಾಲುಬೋನು ಮಾಡಿಸಿದರು. “ಒಂದಿಂಚು ದೊಡ್ಡದೇ ಇರಲಿ, ತಪ್ಪಿಸ್ಕೋಬಾರದು” ಎಂದರಂತೆ. ಅಂಗಡಿಯವನು ಒಳ್ಳೆಯ ಕೆಲಸಗಾರ, ಗೇಟು ಮಾಡುವವನು. ಬೋನು ಕೂಡ ಗೇಟಿನಷ್ಟೇ ಗಟ್ಟಿಯಾಗಿತ್ತು. ದವಡೆ ಸಂದಿಲ್ಲದೆ ಮುಚ್ಚುತ್ತಿತ್ತು. ರಬ್ಬರಿಗೆ ಬದಲು ಸೈಕಲ್ ಟ್ಯೂಬಿನ ಪಟ್ಟಿ. ಸ್ಪ್ರಿಂಗು ಯಾವುದೋ ಗುಜರಿ ಗಾಡಿಯದ್ದು. ತಿರುಗಣಿ ಇರಲೇ ಇಲ್ಲ.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ‘ಪರೀಕ್ಷಿಸಿ ನೋಡಲಾಗಿ ಸರಿಯಿರುತ್ತವೆ’ ಎಂಬ ಕಾಗದಕ್ಕೆ ಸಹಿ ಕೇಳಿದರು. ಎದುರಿಗೆ ಸಾಹೇಬರು, ಮುಂದೆ ಆರು ವರ್ಷ. ಸಹಿ ಹಾಕಿದೆ. ಅನುಮತಿ ಇದ್ದದ್ದು ಮೇಡಂ ಬೋನುಗಳಿಗೆ ಮಾತ್ರ ಎಂಬುದೂ ಗೊತ್ತಿತ್ತು. ಗಾಳಿಮರದ ತೋಪಿನ ಅಂಚಿನಲ್ಲಿ ನಾನೇ ಹೋಗಿ ಇಟ್ಟು ಬಂದೆ.

ಎರಡನೇ ಬೆಳಿಗ್ಗೆ ಒಂದು ಗಂಡು ನರಿ ಬಿದ್ದಿತ್ತು. ಮುಂಗಾಲು ಮೊಣಕಾಲಿನ ಕೆಳಗೆ ಮುರಿದು, ಚರ್ಮದ ಮೇಲೆ ಜೋತಾಡುತ್ತಿತ್ತು. ದೊಡ್ಡ ದವಡೆ ಪಾದ ಬಿಟ್ಟು ಎಲುಬನ್ನು ಹಿಡಿದಿತ್ತು. ಸುತ್ತ ಮರಳು ವೃತ್ತಾಕಾರವಾಗಿ ಅಗೆದುಹೋಗಿತ್ತು. ನಾನು ಹತ್ತಿರ ಹೋದಾಗ ಅದು ಗುರುಗುಟ್ಟಲಿಲ್ಲ. ಮುಖ ಆಚೆ ತಿರುಗಿಸಿಕೊಂಡಿತು. ಗೋಣಿ ಹೊದಿಸಿ, ಬಿಡಿಸಿ, ಮಡಿಲಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಕಾಲು ತೆಗೆದರು. ಮೂರನೇ ದಿನ ಸತ್ತಿತು.

ಸಾಹೇಬರು ಬರೆದಿಟ್ಟ ಹೇಳಿಕೆಯನ್ನು ನನ್ನ ಮುಂದೆ ತಳ್ಳಿದರು. ‘ಗಸ್ತಿನ ವೇಳೆ ಮೊದಲೇ ಗಾಯಗೊಂಡಿದ್ದ ನರಿಯೊಂದು ಕಂಡುಬಂದಿರುತ್ತದೆ.’

“ಇದು ಹೌದಲ್ಲ ಸಾರ್” ಎಂದೆ.

“ನಾಯ್ಕ, ನಿನಗೆ ಇನ್ನೆಷ್ಟು ವರ್ಷ ಇದೆ?”

“ಆರು.”

“ಆರು ವರ್ಷ ಸುಮ್ಮನಿರೋಕೆ ಆಗಲ್ವಾ? ಇಷ್ಟು ವರ್ಷ ಇದ್ದೆಯಲ್ಲ!”

ಆ ಮಾತು ಚುಚ್ಚಿತು. ಅದು ನಿಜವಾದ್ದರಿಂದ ಚುಚ್ಚಿತು. ಬೇರೆ ಹಾಳೆ ತೆಗೆದು ಬರೆದೆ: ಬೋನು ಸರಿಯಿಲ್ಲವೆಂದು ತಿಳಿದೂ ಸರಿಯಿದೆ ಎಂದು ಸಹಿ ಮಾಡಿದ್ದೇನೆ, ನಾನೇ ಇಟ್ಟಿದ್ದೇನೆ, ಅದರಿಂದಲೇ ಕಾಲು ಮುರಿದಿದೆ. ಈ ಸಲ ಸರ್ವೆ ನಂಬರೂ ಸರಿಯಾಗಿ ಬರೆದೆ. ಮೇಲಿನಿಂದ ವಿಚಾರಣೆ ಬಂತು. ಹತ್ತು ಬೋನುಗಳನ್ನು ಕತ್ತರಿಸಿ ಗುಜರಿಗೆ ಹಾಕಿದರು. ಸಾಹೇಬರಿಗೆ ಒಂದು ಎಚ್ಚರಿಕೆ ಪತ್ರ, ನನಗೆ ಒಂದು ಮೆಮೊ. ಶಿಕ್ಷೆಯೆಂದು ನನ್ನನ್ನು ಕಾಸರಕೋಡದ ಹತ್ತಿರದ ನಮ್ಮ ಜಪ್ತಿ ಅಂಗಳ ಕಾಯಲು ಹಾಕಿದರು. ಕೇಸಿನಲ್ಲಿ ಹಿಡಿದ ಮರದ ನಾಟಾ, ಗಾಡಿಗಳೆಲ್ಲ ತುಕ್ಕು ಹಿಡಿಯುತ್ತ ಬಿದ್ದಿರುವ ಜಾಗ. ಪಕ್ಕದಲ್ಲಿ ಒಂದು ಕೋಣೆ, ಒಂದು ಮೇಜು, ನಾನು.

ಮೇಡಂ ಬಂದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. “ಇಡೋ ಮೊದಲು ನಿಮ್ಮ ಕೈ ಇಟ್ಟು ನೋಡಿದ್ರಾ?” ಎಂದಷ್ಟೇ ಕೇಳಿದರು.

“ಇಲ್ಲ.”

“ನಿಮ್ಮ ಕೈ ಇಡೋಕಾಗದ್ದನ್ನ ಅದರ ಕಾಲಿಗೆ ಇಡಬೇಡಿ.”

ಹೊಸಬರೇ, ನಮ್ಮ ತರಬೇತಿಯಲ್ಲಿ ನೂರು ಪುಟದ ಕೈಪಿಡಿ ಕೊಡುತ್ತಾರೆ. ಈ ಒಂದು ಸಾಲು ಅದರಲ್ಲಿಲ್ಲ.

ಮೇಡಂ ಮೇಲಿನವರಿಗೆ ಬರೆದು, ಬೆಳಗಿನ ಹೊತ್ತು ನಾನೇ ಬೇಕೆಂದು ಕೇಳಿಕೊಂಡರು. ಯಾಕೆ ಎಂದು ನಾನು ಕೇಳಲಿಲ್ಲ. ಆದರೆ ಆ ಗಂಡು ನರಿ ಬಿದ್ದ ಬೆಳಗಿನ ನಂತರ ನಾನು ಬೋನು ಮುಟ್ಟಿರಲಿಲ್ಲ. ಬೋನು ಇಡಲು ಬೇರೆ ಕೈ ಬೇಕಿತ್ತು. ಒಂದು ಭಾನುವಾರ ಕಾಗಾಲಕ್ಕೆ ಹೋದೆ.

ಬೊಮ್ಮಯ್ಯ ಗೌಡರಿಗೆ ವಯಸ್ಸಾಗಿತ್ತು. ಜಗಲಿಯಲ್ಲಿ ಬುಟ್ಟಿ ನೇಯುತ್ತಿದ್ದರು. ನಾನು ಬಂದ ಕಾರಣ ಹೇಳಿದೆ, ಮುರಿದ ಕಾಲಿನ ವಿಷಯವನ್ನೂ ಹೇಳಿದೆ. ಅವರು ಬುಟ್ಟಿಯಿಂದ ಕಣ್ಣೆತ್ತಲಿಲ್ಲ.

“ನಾ ಇಟ್ರೆ ಕೇಸು. ನೀವು ಇಟ್ರೆ ಸಂಶೋದ್ನೆ. ಅಲ್ದಾ ಒಡೆಯಾ?”

“ಹೌದು.”

“ನಂದಕ್ಕೆ ಹಲ್ಲಿತ್ತು. ನಿಮ್ದಕ್ಕೆ ಹಲ್ಲಿಲ್ಲ. ಆದ್ರೂ ಕಾಲು ಮುರೀತು. ಅದು ಬೋನಿನ ತಪ್ಪಲ್ಲ.”

“ಅಲ್ಲ. ನನ್ನದು.”

ಅವರು ಬುಟ್ಟಿಯನ್ನು ಬದಿಗಿಟ್ಟರು. ಆಮೇಲೆ ಕೇಳಿದರು, “ಹಿಡ್ದು ಎಂತ ಮಾಡ್ತ್ರಿ?”

“ಕೊರಳಿಗೆ ಪಟ್ಟಿ ಕಟ್ಟೂದು.”

“ಕಟ್ಟಿ?”

“ಬಿಡೂದು.”

“ಬಿಡೂದಾ!” ಅವರು ನಗತೊಡಗಿ, ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕರು. “ಬಿಡೂಕೆ ಹಿಡೂದು! ನನ್ನ ಅಪ್ಪ ಕೇಳಿದ್ರೆ ಕೋಲು ತಕಂತಿದ್ದ. ಆತು, ಬತ್ತೆ. ಇದೊಂದು ನೋಡ್ಬೇಕು.”

ಅವರು ಮೊದಲ ವಾರ ಬೋನು ಮುಟ್ಟಲೇ ಇಲ್ಲ. ತೆಂಗಿನ ಗರಿಯ ಕಡ್ಡಿ ಹಿಡಿದು ಮರಳಿನ ಮೇಲೆ ಬಗ್ಗಿ ನಡೆದರು. ನರಿಯ ಹೆಜ್ಜೆ ಕಂಡಲ್ಲಿ ಕಡ್ಡಿಯಿಟ್ಟು ಅಳತೆಗೆ ಮುರಿದು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. ನಾಯಿಯದು ಬೇರೆ ಕಡ್ಡಿ. ಮುಂಗಾಲಿನದು, ಹಿಂಗಾಲಿನದು ಬೇರೆ ಬೇರೆ. ವಾರ ಕಳೆಯುವಷ್ಟರಲ್ಲಿ ಅವರ ಕಿವಿಯ ಹಿಂದೆ ಕಸಬರಿಗೆಯೇ ಇತ್ತು. ಮೇಡಂ ತಮ್ಮ ಬೋನುಗಳಲ್ಲಿ ದೊಡ್ಡ ಅಳತೆಯದನ್ನು ಇಡೋಣವೆಂದರು; ಅವರು ಮೊದಲು ಕೆಲಸ ಮಾಡಿದ ಬಯಲಿನಲ್ಲಿ ಅದೇ ಸರಿಯಾಗಿತ್ತಂತೆ. ಬೊಮ್ಮಯ್ಯ ಗೌಡರು ಕಡ್ಡಿಯನ್ನು ದವಡೆಯೊಳಗೆ ಅಡ್ಡ ಹಿಡಿದು ತೋರಿಸಿದರು.

“ನಮ್ಮ ನರಿ ಮೀನು ತಿಂದ್ಕಂಡು ಇರೂವು. ಸಣ್ಣ ಪಾದ. ಇದ್ರಲ್ಲಿ ಇಟ್ರೆ ಪಾದ ದಾಟಿ ಮೇಲೆ ಹಿಡೀತು. ಸಣ್ಣದೇ ಇಡಿ ತಾಯಿ. ಪಾದ ಹಿಡೂಕು, ಕಾಲು ಹಿಡೂಕಾಗ.”

ಮೇಡಂ ಕಡ್ಡಿಗಳನ್ನು ತಾವೂ ಅಳೆದು ನೋಡಿ, ದೊಡ್ಡ ಬೋನುಗಳನ್ನು ಚೀಲಕ್ಕೆ ಹಾಕಿದರು. ಅಷ್ಟು ಓದಿದವರು ಅಷ್ಟು ಬೇಗ ತಪ್ಪೊಪ್ಪಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬೋನಿಗೆ ಅಂಗಡಿಯ ಎಣ್ಣೆ ವಾಸನೆಯಿತ್ತು. ಮತ್ತಿ ಮರದ ತೊಗಟೆ ಹಾಕಿ ಹಂಡೆಯಲ್ಲಿ ಕುದಿಸಿದೆವು. ಹಿಂದೆ ನೂಲಿನ ಬಲೆಯನ್ನು ಹಾಗೆ ಕುದಿಸುತ್ತಿದ್ದರಂತೆ. ಕಬ್ಬಿಣ ಕಪ್ಪಾಯಿತು, ವಾಸನೆ ಹೋಯಿತು. ತಟ್ಟೆಯ ಬಿಗಿಯನ್ನು ಎರಡು ಕಿಲೋ ಉಪ್ಪಿನ ಚೀಲ ಇಟ್ಟು ಹೊಂದಿಸಿದೆವು. ಅದಕ್ಕಿಂತ ಹಗುರಾಗಿ ತುಳಿದರೆ ದವಡೆ ಮುಚ್ಚಬಾರದು; ಇಲ್ಲದಿದ್ದರೆ ಕಾಗೆ, ಮುಂಗುಸಿ, ಬೆಕ್ಕು ಎಲ್ಲ ಸಂಶೋಧನೆಗೆ ಸೇರಿಕೊಳ್ಳುತ್ತವೆ. ಇನ್ನೊಂದು ತೊಂದರೆ ಮರಳು. ತಟ್ಟೆಯ ಅಡಿಗೆ ಮರಳು ಇಳಿದರೆ ಆನೆ ತುಳಿದರೂ ಬೋನು ಮುಚ್ಚುವುದಿಲ್ಲ. ತಟ್ಟೆಯ ಮೇಲೆ ತೆಳ್ಳಗಿನ ಕಾಗದ ಹಾಸಿ, ಅದರ ಮೇಲೆ ಜರಡಿ ಹಿಡಿದ ಮರಳು ಹರಡಬೇಕು. ಯಾವ ಕಾಗದ? ಮದುವೆಯ ಕರೆಯೋಲೆ ದಪ್ಪ, ಅರಿಶಿನದ ವಾಸನೆ ಬೇರೆ. ಪತ್ರಿಕೆಯ ಕಾಗದ ಇಬ್ಬನಿಗೆ ಹರಿಯುತ್ತದೆ. ಕೊನೆಗೆ ಸರಿಹೋದದ್ದು ನಮ್ಮ ಇಲಾಖೆಯ ಸುತ್ತೋಲೆ. ನನ್ನ ಸೇವೆಯಲ್ಲಿ ಸುತ್ತೋಲೆಯೊಂದು ಸ್ಥಳದಲ್ಲಿ ಜಾರಿಗೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೊದಲು ಬಿದ್ದದ್ದು ಪಂಚಾಯ್ತಿ ಸದಸ್ಯರೊಬ್ಬರ ನಾಯಿ. ನರಿಯೇ ಕೋಳಿ ಒಯ್ಯುತ್ತದೆ ಎಂದು ಅತಿ ಹೆಚ್ಚು ಅರ್ಜಿ ಕೊಟ್ಟವರು ಅವರು. ನಾಯಿಯ ಬಾಯಿಯಲ್ಲಿ ಇನ್ನೂ ಕೋಳಿಯ ಪುಕ್ಕವಿತ್ತು. ಕಾಲು ನೋಡಿದೆವು, ಗೀರು ಕೂಡ ಇಲ್ಲ. ಬಿಟ್ಟೆವು. ಆಮೇಲೆ ಅವರ ಅರ್ಜಿ ಬರಲಿಲ್ಲ.

ಹನ್ನೊಂದನೇ ಬೆಳಿಗ್ಗೆ, ಇನ್ನೂ ಸೂರ್ಯ ಗುಡ್ಡದ ಮೇಲೆ ಬರುವ ಮುಂಚೆ, ನಾವು ಮೂವರೂ ತೋಪಿನ ತಿರುವಿನಲ್ಲಿ ನಿಂತೆವು. ಹೆಣ್ಣು ನರಿ. ಕೂತಿತ್ತು. ಮುಂಗಾಲೊಂದನ್ನು ಬೋನು ಹಿಡಿದಿತ್ತು. ಹತ್ತಿರ ಹೋಗಲಾರದೆ ನಿಂತೆ. ಬೊಮ್ಮಯ್ಯ ಗೌಡರು ಕಂಬಳಿ ಹಿಡಿದು ಬದಿಯಿಂದ ಹೋಗಿ ತಲೆ ಮುಚ್ಚಿದರು. ಮೇಡಂ ಬೋನು ಬಿಡಿಸಿ ಪಾದವನ್ನು ಬೆರಳಿಂದ ಒತ್ತಿ ಒತ್ತಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ಏನೂ ಆಗಿಲ್ಲ” ಎಂದರು. “ನಾಯ್ಕರೇ, ನೀವೇ ಮುಟ್ಟಿ ನೋಡಿ.”

ಮುಟ್ಟಿದೆ. ಬೆಚ್ಚಗಿತ್ತು. ಎಲುಬು ನೆಟ್ಟಗಿತ್ತು. ಮೇಡಂ ಹೊಟ್ಟೆಯ ಕಡೆ ನೋಡಿ, “ಹಾಲಿದೆ. ಮರಿಗಳು ಎಲ್ಲೋ ಕಾಯ್ತಿವೆ. ಬೇಗ” ಎಂದರು. ಪಟ್ಟಿ ಕಟ್ಟಿ, ತೂಕ ತೆಗೆದು, ಕಂಬಳಿ ಸರಿಸಿದೆವು. ಅದು ಎದ್ದಿತು, ಮೈ ಕೊಡವಿತು. ಮುಂಗಾಲು ನೆಲಕ್ಕೆ ಊರಿತು. ಒಂದು ಹೆಜ್ಜೆ, ಎರಡು, ಮೂರು. ಕುಂಟಲಿಲ್ಲ. ಓಡಲೂ ಇಲ್ಲ; ನಡೆದೇ ಹೋಯಿತು.

ಬೊಮ್ಮಯ್ಯ ಗೌಡರು ಅದು ಮರೆಯಾಗುವವರೆಗೆ ನೋಡಿದರು. “ಇಷ್ಟು ವರ್ಷ ಹಿಡ್ದೆ” ಎಂದರು. “ಹಿಂದಿಂದ ಹ್ಯಾಂಗೆ ಕಾಣ್ತು ಅಂತ ಇವತ್ತೇ ನೋಡಿದ್ದು.”

ಮರುದಿನದಿಂದ ಹುಡುಕಾಟ. ಮೇಡಂ ಕೈಯಲ್ಲಿ ಹಳೇ ಟಿವಿ ಆಂಟೆನಾದಂಥದ್ದು, ಕಿವಿಗೆ ಯಂತ್ರ. ನರಿಯಿರುವ ದಿಕ್ಕಿಗೆ ತಿರುಗಿಸಿದರೆ ಟಿಕ್ ಟಿಕ್ ಸದ್ದು ಜೋರಾಗುತ್ತದೆ. ದಂಡೆಯ ಮೇಲೆ ಹೋದೆವು; ಸದ್ದು ಸಣ್ಣದಾಯಿತು. ತೋಪಿನೊಳಗೆ ಹೋದೆವು, ಸ್ವಲ್ಪ ಜೋರಾಯಿತು. ಮೇಡಂ ತಲೆ ತಗ್ಗಿಸಿ ಸದ್ದನ್ನೇ ಹಿಂಬಾಲಿಸಿ ನಡೆದರು, ನಾನು ಅವರ ಹಿಂದೆ. ಬೇಲಿ ಬಂತು. ಸದ್ದು ಇನ್ನೂ ಜೋರು. ಗೇಟು ಬಂತು. ನಾನು ಜೇಬಿನಿಂದ ಕೀಲಿ ತೆಗೆದೆ.

“ನಿಮ್ಮ ಹತ್ರ ಯಾಕೆ ಇದರ ಕೀಲಿ ಇದೆ?” ಎಂದರು ಮೇಡಂ.

“ಇದು ನನ್ನ ಆಫೀಸು.”

ಅಂಗಳದ ಮೂಲೆಯಲ್ಲಿ ಒಂದು ಲಾರಿ. ಕಳ್ಳನಾಟಾ ಸಾಗಿಸುವಾಗ ಸಿಕ್ಕಿದ್ದು, ಕೇಸು ನಡೆಯುತ್ತಲೇ ಇತ್ತು. ಚಕ್ರಗಳು ಮಣ್ಣಿನಲ್ಲಿ ಹೂತು, ಕೆಳಗೆ ಪೊದೆ ಬೆಳೆದಿತ್ತು. ನಾನು ಪ್ರತಿದಿನ ಅದಕ್ಕೆ ಬೆನ್ನು ಹಾಕಿ ಕೂತು ಊಟ ಮಾಡುತ್ತಿದ್ದೆ. ಮಂಡಿಯೂರಿ ನೋಡಿದರೆ ಪೊದೆಯ ಆಚೆ ಮಣ್ಣಿನಲ್ಲಿ ಒಂದು ಬಿಲ, ಬಿಲದ ಬಾಯಲ್ಲಿ ನಾಲ್ಕು ಸಣ್ಣ ಮೂತಿ.

ಸಂಜೆ ಬೊಮ್ಮಯ್ಯ ಗೌಡರಿಗೆ ಫೋನು ಮಾಡಿ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. “ಮತ್ತೆಲ್ಲಿ ಇರೂದು? ಕೋರ್ಟಿಗೆ ಹೋದ ಲಾರಿ ಯಾರಾರೂ ಅಲ್ಲಾಡಿಸ್ತ್ರಾ?”

ಆದರೆ ಅಲ್ಲಾಡಿಸುವ ಹೊತ್ತೇ ಬಂದಿತ್ತು. ಅದೇ ವಾರ ಆದೇಶ ಬಂತು: ಕೇಸು ಮುಗಿದಿದೆ, ಲಾರಿಯನ್ನು ಕೂಡಲೇ ಹರಾಜು ಹಾಕಿ ಅಂಗಳ ಖಾಲಿ ಮಾಡಿ. ಕ್ರೇನು ಬಂದರೆ ಬಿಲ ಕುಸಿಯುತ್ತಿತ್ತು. ಸಾಹೇಬರಿಗೆ ನಿಜ ಹೇಳಬಹುದಿತ್ತು. ಹೇಳಿದ್ದರೆ ಅವರು ಮರಿಗಳನ್ನು ಎತ್ತಿ, ಮಾಧ್ಯಮದವರನ್ನು ಕರೆದು, ಫೋಟೋ ತೆಗೆಸಿ, ಎಲ್ಲೋ ಕಳಿಸುತ್ತಿದ್ದರು. ಮರಿಗಳು ಹೊರಡಲು ಎಷ್ಟು ದಿನ ಬೇಕೆಂದು ಮೇಡಂ ಅವರನ್ನು ಕೇಳಿದೆ. ಐದು ವಾರ ಎಂದರು.

ಹರಾಜಿಗೆ ಲಾರಿಯ ಮೂಲ ಫೈಲು ಬೇಕು. ಆ ಫೈಲು ನನ್ನ ಮೇಜಿನ ಮೇಲಿತ್ತು. ಅದನ್ನು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ.

ಸಾಹೇಬರು ಪ್ರತಿ ಸೋಮವಾರ ಕೇಳಿದರು. ನಾನು ಪ್ರತಿ ಸೋಮವಾರ ಹುಡುಕಿದೆ. ಬೀರು ಖಾಲಿ ಮಾಡಿದೆ, ಗೆದ್ದಲು ತೋರಿಸಿದೆ, ಹಿಂದಿನವರಿಗೆ ಪತ್ರ ಬರೆದೆ. ಸರ್ಕಾರಿ ಕಚೇರಿಯಲ್ಲಿ ಫೈಲು ಸಿಗುವುದಿಲ್ಲ ಎಂದರೆ ಅನುಮಾನಪಡುವವರು ಯಾರೂ ಇಲ್ಲ. ಮಧ್ಯಾಹ್ನ ಮಾತ್ರ ಕುರ್ಚಿಯನ್ನು ಲಾರಿಯ ಕಡೆಗೆ ತಿರುಗಿಸಿಕೊಂಡು ಉಣ್ಣುತ್ತಿದ್ದೆ. ಮರಿಗಳು ಮೊದಲು ಬಿಲದ ಬಾಯಲ್ಲಿ ಆಡಿದವು, ಆಮೇಲೆ ಚಕ್ರದ ಸುತ್ತ, ಆಮೇಲೆ ಜಪ್ತಿ ಮಾಡಿದ ಬೀಟೆ ದಿಮ್ಮಿಗಳ ಮೇಲೆ ಹತ್ತಿ ನನ್ನ ಡಬ್ಬಿಯ ವಾಸನೆ ಹಿಡಿದವು. ಆರನೇ ವಾರದ ಒಂದು ಬೆಳಿಗ್ಗೆ ಅಂಗಳ ಖಾಲಿಯಿತ್ತು. ಮೇಡಂ ಆಂಟೆನಾ ತಿರುಗಿಸಿ, ತೋಪಿನ ಆಚೆ ತುದಿಯ ಕಡೆ ಕೈ ತೋರಿಸಿದರು.

ಮಧ್ಯಾಹ್ನ ಫೈಲನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಮೂಲೆಗೆ ಸ್ವಲ್ಪ ಸಾರು ತಾಗಿತ್ತು.

ಸಾಹೇಬರು ಅದನ್ನು ಮೂಸಿ ನೋಡಿ, ನನ್ನನ್ನು ನೋಡಿದರು. “ಎಲ್ಲಿತ್ತು?”

“ಇಲ್ಲೇ ಇತ್ತು ಸಾರ್” ಎಂದೆ. “ಯಾರೂ ನೋಡಿರಲಿಲ್ಲ.”